ತಡಮೆ ಮುಚ್ಚಿದೆವು, ಕಳ್ಳನಿಗೆ ದಾರಿ ಮಾಡಿಕೊಟ್ಟೆವು

ಉಡುಪಿ ಜಿಲ್ಲೆಯ ಕಾಪು ಹತ್ತಿರ ನಮ್ಮದೊಂದು ಮನೆ ಇದೆ. ಅಪ್ಪ ಅಮ್ಮ ಇದ್ದಷ್ಟು ದಿನ ದಿನವೂ ಒಲೆ ಉರಿಯುತ್ತಿದ್ದ ಮನೆ. ಈಗ ಮೇ ತಿಂಗಳಲ್ಲೊಮ್ಮೆ, ದೀಪಾವಳಿಗೊಮ್ಮೆ ಬಂದು ಹೋಗುತ್ತೇವೆ. ಉಳಿದ ದಿನವೆಲ್ಲ ಬೀಗ. ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಹದಿನಾರು ವರ್ಷವಾಯಿತು.

ಮೂರು ವರ್ಷದ ಹಿಂದೆ, ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ, ಆ ಮನೆಗೆ ಕಳ್ಳರು ನುಗ್ಗಿದರು. ಚಿನ್ನ ಅಲ್ಲಿರಲಿಲ್ಲ, ದುಡ್ಡೂ ಇರಲಿಲ್ಲ. ಬಚ್ಚಲಿನ ತಾಮ್ರದ ಹಂಡೆ, ಬಾವಿಯ ಪಂಪು, ಅಮ್ಮ ಸಂಜೆ ಹಚ್ಚುತ್ತಿದ್ದ ಕಾಲುದೀಪ ಹೋದವು. ಹಂಡೆ ಸುಲಭಕ್ಕೆ ಕೈಗೆ ಬರಲಿಲ್ಲ ಅಂತ ಕಾಣುತ್ತದೆ, ಒಲೆಯ ಒಂದು ಬದಿಯನ್ನೇ ಒಡೆದು ಎತ್ತಿದ್ದರು. ಹಿಂದಿನ ಗೋಡೆಯ ಮೇಲೆ ಹಂಡೆಯ ಹೊಟ್ಟೆಯಷ್ಟೇ ಅಗಲಕ್ಕೆ ಮಸಿ ಉಳಿದಿತ್ತು. ಆ ಫೋಟೋ ನೋಡಿ ಅತ್ತುಬಿಟ್ಟೆ.

ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೆವು. ರೆಡಿಂಗ್‌ನಲ್ಲಿ ಕೂತು ಫೋನಿನಲ್ಲೇ ಅಂಗಳ ನೋಡಬಹುದಿತ್ತು. ಆ ರಾತ್ರಿ 11.40ಕ್ಕೆ ಚಿತ್ರ ನಿಂತಿತು. ಜೋರು ಮಳೆ, ಕರೆಂಟ್ ಹೋಗಿತ್ತು, ಮೋಡೆಮ್ ಸತ್ತಿತ್ತು. ರೆಕಾರ್ಡ್ ಆಗುವ ಡಬ್ಬ ಚಾವಡಿಯಲ್ಲೇ ಇತ್ತು, ಅದನ್ನೂ ಹೊತ್ತುಕೊಂಡು ಹೋದರು. ಕ್ಯಾಮೆರಾ ಹಾಕಿದವರು ಮಳೆಗಾಲದಲ್ಲಿ ಏನಾಗುತ್ತದೆ ಎಂದು ಒಂದು ಮಾತೂ ಹೇಳಿರಲಿಲ್ಲ. ನಮ್ಮ ಕರಾವಳಿಯ ಜೂನ್, ಜುಲೈ ಗೊತ್ತಿರುವವರು ಹೇಳಲೇಬೇಕಾದ ಮಾತು ಅದು. ಸಿಡಿಲಿಗೆ ಮೋಡೆಮ್ ಸುಡುವ, ಗಂಟೆಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ವೈಫೈ ಒಂದನ್ನೇ ನಂಬಿದ ಕ್ಯಾಮೆರಾ ಬೇಕಾದ ಹೊತ್ತಿಗೇ ಕಣ್ಣು ಮುಚ್ಚುತ್ತದೆ.

ಆದರೆ ನನಗೆ ಜಾಸ್ತಿ ಸಂಕಟವಾಗಿದ್ದು ಗೋಡೆಯ ವಿಷಯದಲ್ಲಿ. ಅಪ್ಪನ ಕಾಲದಲ್ಲಿ ಸೊಂಟದೆತ್ತರದ ಕೆಂಪುಕಲ್ಲಿನ ಗೋಡೆ ಇತ್ತು. ಮೂಡು ಮೂಲೆಯಲ್ಲಿ ಒಂದು ತಡಮೆ, ಅಂದರೆ ದನ ನುಗ್ಗದಂತೆ, ಜನ ಮಾತ್ರ ದಾಟುವಂತೆ ಬಿಟ್ಟ ಸಣ್ಣ ದಾರಿ. ಪಕ್ಕದ ಮನೆಯ ಮಕ್ಕಳು ಅದನ್ನು ದಾಟಿ, ನಮ್ಮ ಅಂಗಳದ ಬದಿಯಿಂದಲೇ ಬಸ್ಸಿಗೆ ಓಡುತ್ತಿದ್ದರು. ಮೀನು ಮಾರುವವಳು ಅದೇ ದಾರಿಯಲ್ಲಿ ಬರುತ್ತಿದ್ದಳು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರಾದರೊಬ್ಬರ ಕಣ್ಣು ನಮ್ಮ ಬಾಗಿಲ ಮೇಲೆ ಬೀಳುತ್ತಲೇ ಇತ್ತು. ಅಪ್ಪ ಹೋದ ಮೇಲೆ ನಾವು ಏಳು ಅಡಿ ಗೋಡೆ ಎತ್ತಿದೆವು, ತಗಡಿನ ಗೇಟು ಹಾಕಿದೆವು, ತಡಮೆ ಮುಚ್ಚಿದೆವು. ಮನೆ ಭದ್ರವಾಯಿತು ಅಂದುಕೊಂಡೆವು. ಆ ಗೋಡೆಯ ಮರೆಯಲ್ಲೇ ಕಳ್ಳರು ನಿಧಾನಕ್ಕೆ ಒಲೆ ಒಡೆದದ್ದು. ಪಕ್ಕದ ಮನೆಯ ಅಕ್ಕ ಹೇಳಿದ್ದು ಇಷ್ಟೇ, "ಮೊದಲಿನ ಹಾಗಿದ್ದಿದ್ದರೆ ನನಗೆ ಟಾರ್ಚಿನ ಬೆಳಕಾದರೂ ಕಾಣುತ್ತಿತ್ತು ಮಾರಾಯ್ರೆ."

ಇಂಗ್ಲೆಂಡಿನಲ್ಲಿ ಇದನ್ನೇ ಪೊಲೀಸರ ಕಡೆಯಿಂದ ಹೇಳುತ್ತಾರೆ. ಅಲ್ಲಿ 1989ರಲ್ಲಿ ಶುರುವಾದ ಸೆಕ್ಯೂರ್ಡ್ ಬೈ ಡಿಸೈನ್ ಎಂಬ ಯೋಜನೆ ಇದೆ. ಮನೆಯ ಮುಂದಿನ ಬೇಲಿ ಸುಮಾರು 1 ಮೀಟರ್ ದಾಟದಿರಲಿ, ರಸ್ತೆಯಿಂದ ಬಾಗಿಲು ಕಾಣಲಿ, ಹಿತ್ತಿಲ ಬೇಲಿ ಬೇಕಾದರೆ ಎತ್ತರವಿರಲಿ ಎನ್ನುವುದು ಅದರ ಸಲಹೆ. ಅದನ್ನು ಓದಿದಾಗ ನನಗೆ ಅಪ್ಪನ ಗೋಡೆ ನೆನಪಾಯಿತು. ನೆರೆಹೊರೆಯವರೇ ಬೀದಿ ಕಾಯುವ ನೇಬರ್‌ಹುಡ್ ವಾಚ್ ಆ ದೇಶದಲ್ಲಿ ಶುರುವಾಗಿದ್ದು 1982ರಲ್ಲಿ, ಚೆಷೈರ್‌ನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ. ನಮ್ಮಲ್ಲಿ ಅದು ಹೆಸರಿಲ್ಲದೆಯೇ ನಡೆದುಕೊಂಡು ಬಂದಿತ್ತು. ಹೆಸರಿಲ್ಲದ್ದಕ್ಕೇ ಅದನ್ನು ಕಳೆದುಕೊಂಡದ್ದೂ ನಮಗೆ ಗೊತ್ತಾಗಲಿಲ್ಲ.

ಅಲ್ಲಿನ ಒಂದು ಸಣ್ಣ ಅಭ್ಯಾಸ ನನಗೆ ತುಂಬಾ ಇಷ್ಟ. ನಾವು ಊರಿಗೆ ಹೊರಟರೆ ಪಕ್ಕದ ಮನೆಯ ಅಜ್ಜಿಗೆ ಕೀ ಕೊಟ್ಟು ಬರುತ್ತೇವೆ. ಕಸದವರು ಬರುವ ದಿನ ಅವರು ನಮ್ಮ ಖಾಲಿ ಕಸದ ಡಬ್ಬವನ್ನೂ ರಸ್ತೆ ಬದಿಗೆ ಉರುಳಿಸಿ ಇಡುತ್ತಾರೆ, ಸಂಜೆ ಮತ್ತೆ ಒಳಗೆ ತರುತ್ತಾರೆ. ಬೀದಿಯಲ್ಲಿ ಎಲ್ಲರ ಡಬ್ಬ ಇದ್ದು ನಮ್ಮದೊಂದೇ ಇಲ್ಲದಿದ್ದರೆ ಮನೆ ಖಾಲಿ ಎಂದು ಗೊತ್ತಾಗುತ್ತದೆ, ಅಲ್ವಾ? ಬಾಗಿಲ ಹಿಂದೆ ಬಿದ್ದ ಟಪಾಲು ಎತ್ತುತ್ತಾರೆ, ಪರದೆ ಸರಿಸುತ್ತಾರೆ. ವಾಪಸ್ ಬರುವಾಗ ಅವರಿಗೆ ಗೇರುಬೀಜ ಒಯ್ಯುತ್ತೇನೆ.

ಅಲ್ಲಿ ಎಲ್ಲ ಚೆನ್ನಾಗಿದೆ ಎಂದೇನಲ್ಲ. ಕಳ್ಳತನವಾದ ಪ್ರತಿ ಮನೆಗೂ ಹೋಗುತ್ತೇವೆ ಎಂದು ಪೊಲೀಸರು ಮಾತು ಕೊಡಬೇಕಾಗಿ ಬಂದದ್ದೇ 2022ರಲ್ಲಿ. ದೀಪಾವಳಿ ಬಂತೆಂದರೆ ನಮ್ಮಂಥವರ ಮನೆಯ ಚಿನ್ನದ ಮೇಲೆ ಕಳ್ಳರ ಕಣ್ಣಿದೆ ಎಂದು ಎಚ್ಚರಿಸುತ್ತಾರೆ. ವಿಮೆಯವರೂ ಬಿಗಿ. ಮನೆ ಸತತ 30 ಅಥವಾ 60 ದಿನ ಖಾಲಿ ಇದ್ದರೆ ಸಾಮಾನ್ಯವಾಗಿ ಕಳ್ಳತನದ ಪರಿಹಾರ ಸಿಗುವುದಿಲ್ಲ. ಊರಿನ ಮನೆಗೂ ವಿಮೆ ಇದೆ ಎಂದು ನೆಮ್ಮದಿಯಾಗಿರುವವರು ಒಮ್ಮೆ ಪಾಲಿಸಿ ತೆಗೆದು ಓದಿ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಬಿರುಗಾಳಿಯಂಥದ್ದಕ್ಕೆ. ಸುಮ್ನೆ ಬೀಗ ಒಡೆದು ಕದ್ದರೆ ಅದರಲ್ಲಿ ಪರಿಹಾರ ಇಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಅದರಲ್ಲೂ ಖಾಲಿ ಮನೆಯ ಷರತ್ತು ಏನಿದೆ ಎಂದು ನೋಡಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮದೂ ಹಾಗೇ. ಆದರೂ ಮಾಡಿದ್ದನ್ನು ಹೇಳುತ್ತೇನೆ, ಬೇರೆಯವರಿಗಾದರೂ ಹಂಡೆ ಉಳಿಯಲಿ.

ಮುಂದಿನ ಗೋಡೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿ ಮೇಲೆ ಗ್ರಿಲ್ ಹಾಕಿಸಿದೆ. ತಗಡಿನ ಗೇಟು ತೆಗೆಸಿದೆ. ಎರಡು ಕ್ಯಾಮೆರಾ ಸಾಕು, ಆದರೆ ಸಿಮ್ ಇರುವಂಥದ್ದು, ಬ್ಯಾಟರಿ ಇರುವಂಥದ್ದು. ರೆಡಿಂಗ್‌ನಿಂದ ತಂದ ದೀಪದ ಟೈಮರ್ ಕೆಲಸಕ್ಕೆ ಬರಲಿಲ್ಲ. ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ, ಹಾಗಾಗಿ ಒಂದು ವಾರದ ಮಳೆ ಕಳೆಯುವಷ್ಟರಲ್ಲಿ ಸಂಜೆಯ ದೀಪ ನಡುರಾತ್ರಿ ಹತ್ತುತ್ತಿತ್ತು. ಈಗ ಕತ್ತಲಾದಾಗ ತಾನೇ ಹತ್ತುವ ಸೋಲಾರ್ ದೀಪ ಇದೆ. ಕಡಲ ಗಾಳಿಗೆ ಕಬ್ಬಿಣದ ಬೀಗ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಬೀಗ ಗೇಟಿನ ಹೊರಗೆ ನೇತಾಡಿದರೆ ಮನೆ ಯಾವಾಗಿನಿಂದ ಮುಚ್ಚಿದೆ ಎಂದು ದಾರಿಹೋಕನಿಗೂ ಗೊತ್ತಾಗುತ್ತದೆ. ಅದಕ್ಕೆ ಹಿತ್ತಾಳೆಯದ್ದು ಹಾಕಿ, ಗೇಟಿನ ಒಳಬದಿಗೆ ತಿರುಗಿಸಿದ್ದೇವೆ.

ಇವೆಲ್ಲಕ್ಕಿಂತ ದೊಡ್ಡದು, ಪಕ್ಕದ ಮನೆಯ ಅಕ್ಕನೊಂದಿಗೆ ಕೂತು ಮಾತಾಡಿದ್ದು. ಅಂಗಳದಲ್ಲಿ ಬಿದ್ದ ತೆಂಗಿನ ಮಡಲು ಎತ್ತುವುದು, ತರಗೆಲೆ ಗುಡಿಸುವುದು, ವಾರಕ್ಕೆ ಎರಡು ದಿನ ಕಿಟಕಿ ತೆರೆಯುವುದು, ಸಂಜೆ ತುಳಸಿಕಟ್ಟೆಗೆ ದೀಪ ಇಡುವುದು. ಇದಕ್ಕೆ ತಿಂಗಳು ತಿಂಗಳು ಸಂಬಳ ಕೊಡುತ್ತೇವೆ. ಹೊರಗಿರುವ ನಮ್ಮವರಲ್ಲಿ ಅನೇಕರು ಕ್ಯಾಮೆರಾಕ್ಕೆ ಸಾವಿರಗಟ್ಟಲೆ ಸುರಿಯುತ್ತಾರೆ, ನೆರೆಯವರಿಗೆ ಮಾತ್ರ "ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳಿ ಒಂದು ಪೊಟ್ಟಣ ಚಾಕೊಲೇಟ್ ಕೊಟ್ಟು ವಿಮಾನ ಹತ್ತುತ್ತಾರೆ. ಅದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ದಿನಾ ಬಂದು ಬಾಗಿಲು ನೋಡುವುದು ಕೆಲಸ, ಉಪಕಾರವಲ್ಲ. ಹಾಗೆಯೇ ಠಾಣೆಗೂ ಹೋಗಿ, ಬೀಟ್ ಪೊಲೀಸರಿಗೆ ಮನೆ ತೋರಿಸಿ, ಅಕ್ಕನ ನಂಬರನ್ನೂ ಕೊಟ್ಟು ಬಂದೆ. ಗಡಿಯಾಚೆ ಕಾಸರಗೋಡಿನ ನಮ್ಮ ನೆಂಟರು ಇದನ್ನು ಫೋನಿನಲ್ಲೇ ಮಾಡುತ್ತಾರೆ. ಕೇರಳ ಪೊಲೀಸರ ಪೋಲ್ ಆಪ್‌ನಲ್ಲಿ ಬೀಗ ಹಾಕಿದ ಮನೆಯ ವಿವರ ಕೊಟ್ಟರೆ 14 ದಿನದವರೆಗೆ ನಿಗಾ ಇಡುತ್ತಾರೆ.

ಕಳೆದ ಮೇ ತಿಂಗಳಲ್ಲಿ ಮೂಡು ಮೂಲೆಯ ಗೋಡೆ ಒಡೆಸಿ ಮತ್ತೆ ತಡಮೆ ಮಾಡಿಸಿದೆ. ಮೊದಲ ದಿನ ಅಕ್ಕನ ಮೊಮ್ಮಗ ದಾಟಲೋ ಬೇಡವೋ ಎಂದು ನಿಂತಿದ್ದ. ಮೊನ್ನೆ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ದರು, ಹಿಂದೆ ಮಳೆಯ ಸದ್ದು. ತೆಂಕು ಬದಿಯ ಹಲಸಿನ ಮರದಿಂದ ಎರಡು ಹಣ್ಣು ಬಿದ್ದಿವೆಯಂತೆ, ಒಂದನ್ನು ಮಕ್ಕಳು ಶಾಲೆಯಿಂದ ಬರುವಾಗ ಅಂಗಳದಲ್ಲೇ ಕೂತು ತಿಂದರಂತೆ.