ಪಾಯಿಂಟ್ ಗ್ರೇ ಚುನಾವಣೆ: ಅರ್ಧ ಸರಿ, ಅರ್ಧ ತಪ್ಪು

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. '2013ರಲ್ಲಿ ವ್ಯಾಂಕೂವರ್-ಪಾಯಿಂಟ್ ಗ್ರೇ ಕ್ಷೇತ್ರದಲ್ಲಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಕ್ರಿಸ್ಟಿ ಕ್ಲಾರ್ಕ್ ಸೋತು ಅಧಿಕಾರ ಕಳೆದುಕೊಂಡರು, ಗೆದ್ದ ಡೇವಿಡ್ ಈಬಿ ಪ್ರೀಮಿಯರ್ ಆದರು' ಅಂತ.

ಕ್ಲಾರ್ಕ್ ಸೋತದ್ದು ನಿಜ. ಅಧಿಕಾರ ಹೋಗಲಿಲ್ಲ. ಅವರ ಲಿಬರಲ್ ಪಕ್ಷ 85ರಲ್ಲಿ 49 ಸ್ಥಾನ ಗೆದ್ದಿತ್ತು. ಅಲ್ಲಿ ಸದನದಲ್ಲಿ ಬಹುಮತ ಇರುವ ಪಕ್ಷದ ನಾಯಕರೇ ಪ್ರೀಮಿಯರ್. ಸ್ವಂತ ಸೀಟು ಇಲ್ಲದಿದ್ದರೂ ಮುಂದುವರಿಯಬಹುದು, ಆದರೆ ಬೇಗ ಒಂದು ಸೀಟು ಗೆದ್ದು ಬರುವುದು ರೂಢಿ. ವೆಸ್ಟ್‌ಸೈಡ್-ಕೆಲೋನಾದ ಶಾಸಕ ಬೆನ್ ಸ್ಟೂವರ್ಟ್ ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. ಅದೇ ವರ್ಷದ ಜುಲೈನ ಉಪಚುನಾವಣೆಯಲ್ಲಿ ಕ್ಲಾರ್ಕ್ ಗೆದ್ದರು, 2017ರವರೆಗೂ ಪ್ರೀಮಿಯರ್ ಆಗಿದ್ದರು.

ಈಬಿ ಪ್ರೀಮಿಯರ್ ಆದದ್ದು 2022ರ ನವೆಂಬರ್‌ನಲ್ಲಿ, ಅಂದರೆ ಒಂಬತ್ತು ವರ್ಷ ಬಿಟ್ಟು. ಕ್ಷೇತ್ರ ಮಾತ್ರ ಅದೇ. ಗೊಂದಲ ಅಲ್ಲಿಂದಲೇ ಹುಟ್ಟಿರಬೇಕು, ಅಲ್ವಾ?

ಅದೇ ಮೆಸೇಜಿನಲ್ಲಿ '1986ರಲ್ಲಿ ಇಲ್ಲಿ ಇಬ್ಬರು ಗೆದ್ದರು' ಅಂತಲೂ ಇದೆ. ವಿಚಿತ್ರ ಅನ್ನಿಸಿದರೂ ಅದು ಸರಿ. ಆಗ ಅದು ಇಬ್ಬರು ಸದಸ್ಯರ ಕ್ಷೇತ್ರ. ಗೆದ್ದವರಲ್ಲಿ ಒಬ್ಬರು ಕಿಮ್ ಕ್ಯಾಂಬೆಲ್, 1993ರಲ್ಲಿ ಕೆನಡಾದ ಪ್ರಧಾನಿಯಾದವರು.

ಇವೆಲ್ಲ ಪ್ರಾಂತ್ಯದ ಚುನಾವಣಾ ದಾಖಲೆಗಳಲ್ಲೇ ಸಿಗುತ್ತವೆ. ದಯವಿಟ್ಟು ಹಳೇ ಮೆಸೇಜ್ ಮುಂದೆ ಕಳಿಸಬೇಡಿ.