ಕೈಗುಣ ಮತ್ತು ಆರಿಂಚಿನ ಪಟ್ಟಿ

ಲೋಹವನ್ನು ತಿರುಗಿಸುತ್ತ ಕೊರೆಯುವ ಲೇತ್ ಯಂತ್ರದಲ್ಲಿ ಸರಳನ್ನು ತುಂಡರಿಸುವ ಪಾರ್ಟಿಂಗ್ ಟೂಲನ್ನು ನಾನು ಈವರೆಗೆ ನಾಲ್ಕು ಸಲ ಮುರಿದಿದ್ದೇನೆ. ಮೊದಲ ಮೂರು ಮುರಿದದ್ದು ರಾಣೆಬೆನ್ನೂರಿನ ಸಮೀಪದ ನಮ್ಮೂರಿನಲ್ಲಿ. ನಾಲ್ಕನೆಯದು ಕೊಲ್ಲಾಪುರದ ಬಾಡಿಗೆ ಮನೆಯ ಹಿಂದಿನ ಪಡಸಾಲೆಯಲ್ಲಿ. ಬ್ಯಾಂಕಿನವರು ನನ್ನನ್ನು ಇಲ್ಲಿಗೆ ವರ್ಗ ಮಾಡಿದಾಗ, ಹಳೆಯದೆಂದು ಕೊಂಡಿದ್ದ ಬೆಂಚ್ ಲೇತನ್ನೂ ಟೆಂಪೊದಲ್ಲಿ ಹೇರಿಕೊಂಡು ಬಂದೆ. ಅಡುಗೆಮನೆಯ ಸಾಮಾನಿಗಿಂತ ಮೊದಲು ಅದನ್ನು ಇಳಿಸಿದ್ದಕ್ಕೆ ಇಂದಿಗೂ ಮನೆಯಲ್ಲಿ ಮಾತು ಕೇಳುತ್ತೇನೆ. ಅಂಗೈಯಗಲದ ಉಗಿ ಯಂತ್ರವೊಂದನ್ನು, ಸಿಲಿಂಡರೇ ತೊನೆಯುತ್ತ ಉಗಿಯ ದಾರಿಯನ್ನು ತೆರೆದು ಮುಚ್ಚುವ ಸರಳ ಜಾತಿಯದನ್ನು, ನನ್ನ ಕೈಯಾರೆ ಮಾಡಿ ತಿರುಗಿಸಬೇಕೆಂಬುದಷ್ಟೇ ನನ್ನ ಹವ್ಯಾಸದ ಗುರಿ.

ಊರಿನಲ್ಲಿ ಟೂಲ್ ಮುರಿದಾಗಲೆಲ್ಲ ನಾನು ಓಡುತ್ತಿದ್ದದ್ದು ಬಸ್ ನಿಲ್ದಾಣದ ಹಿಂದೆ ಲೇತ್ ಇಟ್ಟುಕೊಂಡಿರುವ ಕಾಕಾನ ಬಳಿಗೆ. ನಮ್ಮ ತಂದೆಯ ಕಾಲದಿಂದಲೂ ಪಂಪ್‌ಸೆಟ್ಟಿನ ಶಾಫ್ಟ್, ಟ್ರ್ಯಾಕ್ಟರಿನ ಬುಶ್ ಎಲ್ಲವೂ ಅವನ ಕೈಯಲ್ಲೇ ಆಗಬೇಕು. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ ಅವನು ಮೂರು ಸಲವೂ ಹೇಳಿದ್ದು ಒಂದೇ ಮಾತು: "ತಮ್ಮಾ, ಇದು ಕೈಗುಣದ ಕೆಲಸ. ಎಲ್ಲಾರ ಕೈಗೂ ಒಲಿಯೂದಿಲ್ಲ." ಬಿಡಿಸಿ ಹೇಳು ಎಂದರೆ, "ಇಟ್ಟು ಹೋಗು, ನಾ ಮಾಡಿ ಇಟ್ಟಿರತೀನಿ, ನಾಳೆ ಬಾ" ಎನ್ನುತ್ತಿದ್ದ. ಮರುದಿನ ಹೋದರೆ ತುಂಡು ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಮಾತ್ರ ಹಿಂದಿನ ದಿನ ಎಷ್ಟು ತಿಳಿದಿದ್ದೆನೋ ಅಷ್ಟೇ ತಿಳಿದು ಮನೆಗೆ ಮರಳುತ್ತಿದ್ದೆ.

ಕೊಲ್ಲಾಪುರದಲ್ಲಿ ನಾಲ್ಕನೆಯದು ಮುರಿದಾಗ, ಶಿವಾಜಿ ಉದ್ಯಮನಗರದ ಒಂದು ಓಣಿಯಲ್ಲಿ ಲೇತ್ ಕೆಲಸ ಮಾಡುವ ಟರ್ನರೊಬ್ಬರ ಪರಿಚಯವಾಯಿತು. ಗಡಹಿಂಗ್ಲಜ ಕಡೆಯವರು, ಮನೆಮಾತು ಕನ್ನಡ. ಇಲ್ಲಿನ ರೂಢಿಯಂತೆ ಎಲ್ಲರೂ ಅವರನ್ನು ಮಾಮಾ ಎನ್ನುತ್ತಾರೆ. ಅವರು ಮುರಿದ ತುಂಡನ್ನು ನೋಡಲೇ ಇಲ್ಲ. "ಟೂಲ್ ಎಷ್ಟು ಹೊರಗ ಚಾಚಿತ್ತರಿ ಸಾಹೇಬ್ರ? ಸೆಂಟರ್ ಎತ್ತರ ನೋಡಿದ್ರೇನು?" ಎಂದು ಕೇಳಿದರು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆಗ ಅವರು ಜೇಬಿನಿಂದ ಆರಿಂಚಿನ ತೆಳು ಉಕ್ಕಿನ ಪಟ್ಟಿಯನ್ನು ತೆಗೆದು, ಚಕ್ಕಿನಲ್ಲಿ, ಅಂದರೆ ಲೇತಿನ ತಿರುಗುವ ಹಿಡಿಕೆಯಲ್ಲಿ, ಹಿಡಿದಿದ್ದ ಸರಳಿಗೂ ಟೂಲಿನ ಮೊನೆಗೂ ನಡುವೆ ಹಗುರಾಗಿ ಸಿಕ್ಕಿಸಿದರು. ಪಟ್ಟಿ ನೆಟ್ಟಗೆ ನಿಂತರೆ ಮೊನೆಯು ಸರಳಿನ ನಡುವಿಗೆ ಸರಿಯಾಗಿದೆ; ಪಟ್ಟಿಯ ತಲೆ ನಮ್ಮ ಕಡೆಗೆ ವಾಲಿದರೆ ಟೂಲ್ ಕೆಳಗಿದೆ, ಆಚೆಗೆ ವಾಲಿದರೆ ಮೇಲಿದೆ. ಇಷ್ಟೇ. ಅಡಿಗೆ ತಗಡಿನ ಚೂರು ಕೊಟ್ಟು ಎತ್ತರ ಸರಿಪಡಿಸಿ, ಟೂಲನ್ನು ಬೇಕಾದಷ್ಟೇ ಹೊರಗಿಟ್ಟು ಕೊರೆದಾಗ ಸರಳು ಸದ್ದಿಲ್ಲದೆ ತುಂಡಾಗಿ ಟ್ರೇಗೆ ಬಿತ್ತು. ನನಗಾದದ್ದು ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು. ಇಷ್ಟು ವರ್ಷ ಕೈಗುಣವೆಂಬ ಹೆಸರಿನಲ್ಲಿ ನನ್ನಿಂದ ಮುಚ್ಚಿಟ್ಟದ್ದು ಈ ಪಟ್ಟಿಯ ವಾಲಾಟವೇ?

ಅಂದಿನಿಂದ ನಾನು ಎರಡೂ ಕಡೆಯ ಸಲಹೆಗಳನ್ನು ತೂಗಿ ನೋಡುವ ಚಟಕ್ಕೆ ಬಿದ್ದಿದ್ದೇನೆ. ಗಾಲಿಯ ಪ್ರಸಂಗವನ್ನೇ ನೋಡಿ. ನನ್ನ ಯಂತ್ರಕ್ಕೆಂದು 75 ಮಿಲಿಮೀಟರ್ ಅಡ್ಡಳತೆಯ ಬೀಡಿನ, ಅಂದರೆ ಎರಕದ ಕಬ್ಬಿಣದ, ಗಾಲಿಯೊಂದನ್ನು ಇಲ್ಲಿಯ ಎರಕದ ಕಾರ್ಖಾನೆಯಲ್ಲಿ ಎರೆಯಿಸಿದ್ದೆ. (ಬೀಡು ಎಂಬ ಮಾತು ಮರಾಠಿಯವರ ಬಾಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಇದೆ.) ಕಾಕಾ ಫೋನಿನಲ್ಲಿ ಕೊಟ್ಟ ಬುದ್ಧಿವಾದ, "ಸಣ್ಣ ಸಣ್ಣಗೆ ತಗೋ, ಕೈ ಕೂಡೂತನಕ ಆಳಕ್ಕ ಹೋಗಬ್ಯಾಡ" ಎಂಬುದು. ಅದರಂತೆ ನಿಮಿಷಕ್ಕೆ 400 ಸುತ್ತು ತಿರುಗಿಸಿ ಕೂದಲೆಳೆಯಷ್ಟೇ ತೆಗೆಯುತ್ತ ಹೋದೆ. ಗಾಲಿಯ ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಎರಡು ಟೂಲ್‌ಗಳ ಮೊನೆ ಸುಟ್ಟು ಮೊಂಡಾದವು. ಮಾಮಾ ಬಂದವರು ಮೊದಲು ನನ್ನ ಬೆರಳಿನ ಉಂಗುರ ತೆಗೆಸಿದರು. ಆಮೇಲೆ ಸೀಮೆಸುಣ್ಣದಲ್ಲಿ ಲೇತಿನ ಮುಚ್ಚಳದ ಮೇಲೆ ಲೆಕ್ಕ ಬರೆದರು: ಹೈಸ್ಪೀಡ್ ಸ್ಟೀಲ್ ಟೂಲಿಗೆ ಬೀಡು ನಿಮಿಷಕ್ಕೆ 20 ಮೀಟರಿನಷ್ಟು ವೇಗದಲ್ಲಿ ಸರಿದರೆ ಸಾಕು, 318ನ್ನು (ಸಾವಿರವನ್ನು ಪೈಯಿಂದ ಭಾಗಿಸಿದರೆ ಬರುವ ಸಂಖ್ಯೆ) 20ರಿಂದ ಗುಣಿಸಿ 75ರಿಂದ ಭಾಗಿಸಿದರೆ ಸುಮಾರು 85 ಸುತ್ತು. ನಾನು ತಿರುಗಿಸುತ್ತಿದ್ದ ವೇಗದಲ್ಲಿ ಅದು 90 ಮೀಟರನ್ನು ದಾಟಿತ್ತು. ಕೊಂಡಂದಿನಿಂದ ಮುಟ್ಟದೇ ಬಿಟ್ಟಿದ್ದ, ವೇಗ ತಗ್ಗಿಸುವ ಬ್ಯಾಕ್ ಗೇರನ್ನು ಅಂದು ಮೊದಲ ಬಾರಿಗೆ ಹಾಕಿದೆ.

ಆಳದ ವಿಷಯದಲ್ಲಂತೂ ಕಾಕಾನ ಮಾತು ಪೂರ್ತಿ ತಲೆಕೆಳಗು. ಮರಳಿನ ಅಚ್ಚಿನಲ್ಲಿ ಎರೆದ ಬೀಡಿನ ಮೇಲ್ಪದರ ಗಡುಸಾಗಿರುತ್ತದೆ, ಅದರಲ್ಲಿ ಮರಳಿನ ಕಣಗಳೂ ಹೂತಿರುತ್ತವೆ. ಕೂದಲೆಳೆಯಷ್ಟು ತೆಗೆಯುವವನ ಟೂಲ್ ಇಡೀ ಹೊತ್ತು ಆ ಮರಳನ್ನೇ ಉಜ್ಜುತ್ತಿರುತ್ತದೆ. ಮೊದಲ ಕೊರೆತದಲ್ಲೇ ಒಂದೂವರೆ ಮಿಲಿಮೀಟರಿನಷ್ಟು ಆಳಕ್ಕಿಳಿದು, ಮೊನೆಯನ್ನು ಆ ಪದರದ ಕೆಳಗೆ ಓಡಿಸಬೇಕು. ಎಣ್ಣೆ ಬೇಡ, ಒಣಗಿದ್ದಂತೆಯೇ ಕೊರೆಯಬೇಕು. ಉದುರುವ ಕಪ್ಪು ಪುಡಿ ಲೇತಿನ ಹಾಸನ್ನು ಸವೆಸುವುದರಿಂದ ಕೂಡಲೇ ಒರೆಸಬೇಕು, ಆದರೆ ಚಕ್ ತಿರುಗುವಾಗ ಬಟ್ಟೆಯನ್ನು ಹತ್ತಿರ ತರಬಾರದು. ಪ್ರತಿಯೊಂದಕ್ಕೂ ಮಾಮಾ ಒಂದು "ಯಾಕಂದ್ರ" ಸೇರಿಸುತ್ತಾರೆ. ನಮ್ಮೂರಿನಲ್ಲಿ ನನಗೆ ಸಿಗದೇ ಹೋದದ್ದು ಆ ಒಂದು ಪದ.

ಇದು ಬರಿಯ ಕಾಕಾನ ದೋಷವಲ್ಲ. ತಾಮ್ರದ ಪುಟ್ಟ ಬಾಯ್ಲರಿನ ಬೆಸುಗೆಯನ್ನು ಪರೀಕ್ಷಿಸುವುದು ಹೇಗೆಂದು ಊರಿನ ಗೆಳೆಯರನ್ನು ಕೇಳಿದಾಗ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಸೋಪಿನ ನೀರು ಹಚ್ಚಿ ನೋಡು ಎಂದರು. ಹೇಳುವಾಗ ಯಾರ ಹುಬ್ಬೂ ಅಲುಗಲಿಲ್ಲ. ಗಾಳಿಯನ್ನು ಒತ್ತಿದರೆ ಅದು ಸ್ಪ್ರಿಂಗಿನಂತೆ ಕಸುವನ್ನು ಕೂಡಿಟ್ಟುಕೊಳ್ಳುತ್ತದೆ, ಬೆಸುಗೆ ಬಿಟ್ಟರೆ ಚೂರು ಕಣ್ಣಿಗೇ ಬರಬಹುದು. ನೀರು ಒತ್ತಿದರೂ ಕುಗ್ಗುವುದಿಲ್ಲವಾದ್ದರಿಂದ, ಬಾಯ್ಲರಿನ ತುಂಬ ನೀರು ತುಂಬಿ ಕೆಲಸದ ಒತ್ತಡದ ಎರಡು ಪಟ್ಟು ಒತ್ತಿದರೂ ಬಿಟ್ಟ ಜಾಗದಲ್ಲಿ ತೊಟ್ಟಿಕ್ಕಿ ಸುಮ್ಮನಾಗುತ್ತದೆ. ಇದನ್ನು ನನಗೆ ವಿವರಿಸಿದವರೂ ಇಲ್ಲಿನವರೇ.

ಇಲ್ಲಿಯವರಿಗೆ ಈ ವಿಷಯದಲ್ಲಿ ಹೆಮ್ಮೆ ಸ್ವಲ್ಪ ಹೆಚ್ಚೇ. ಎಂಜಿನ್ನು, ಪಂಪು, ಎರಕ ಎಲ್ಲವೂ ತಮ್ಮ ಮಣ್ಣಿನಲ್ಲಿಯೇ ಹುಟ್ಟಿದವೆಂಬಂತೆ ಮಾತನಾಡುತ್ತಾರೆ. ಆಗ ನಾನು, 1910ರಲ್ಲಿ ಇವರ ಮಹಾರಾಷ್ಟ್ರದಲ್ಲಿ ಕಾರ್ಖಾನೆಯ ಊರಾದ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅವರು ಮೊದಲು ಸೈಕಲ್ ಅಂಗಡಿ ತೆರೆದದ್ದೂ ಬೆಳಗಾವಿಯಲ್ಲಿಯೇ ಎಂದು ನೆನಪಿಸುತ್ತೇನೆ. ಹೊರನಾಡಿನಲ್ಲಿರುವವನಿಗೆ ಇಂಥ ಸಣ್ಣ ಗೆಲುವುಗಳೂ ಬೇಕು.

ಆದರೂ ಬರೆಯುತ್ತ ಬಂದಂತೆ ಕಾಕಾನ ಪಕ್ಷದ ಕೆಲವು ಸಂಗತಿಗಳನ್ನು ನುಂಗಿಕೊಂಡೆನೆಂದು ಅನಿಸುತ್ತಿದೆ. ಅವನ ಬಳಿ ನಾಲ್ಕು ವರ್ಷ ಕಲಿತ ಹುಡುಗನೊಬ್ಬ ಎದುರಿಗೇ ಶಟರ್ ಎತ್ತಿದ. ಇಡೀ ಊರಿಗೆ ಎರಡು ಲೇತುಗಳಿಗಾಗುವಷ್ಟು ಕೆಲಸವೇ ಇಲ್ಲ. ಅಂಥವನು "ಯಾಕಂದ್ರ" ಎನ್ನಲು ಹಿಂಜರಿದರೆ ಬ್ಯಾಂಕಿನ ಸಂಬಳ ಎಣಿಸುವ ನಾನು ಹೇಗೆ ದೂರಲಿ? ಮಾಮಾನಿಗೆ ಕಾರ್ಖಾನೆಗಳಿಂದ ಬರುವ ಕೆಲಸವೇ ಕೈತುಂಬ ಇದೆ, ನಾನು ಕಲಿತರೆ ಅವರಿಗೆ ನಷ್ಟವಿಲ್ಲ. ಅದೇ ಮಾಮಾ, ಎರಕದ ದರ ಹೇಗೆ ಕಟ್ಟುತ್ತಾರೆಂದು ಕೇಳಿದಾಗ "ಅದನ್ನ ಶೇಟ್‌ನ ಕೇಳ್ರಿ" ಎಂದು ಮುಖ ತಿರುಗಿಸಿದರು.

ಇನ್ನೊಂದು ಸಂಗತಿ. ಹಿತ್ತಾಳೆಯ ಸಿಲಿಂಡರಿನ ಮುಚ್ಚಳಕ್ಕೆ 3 ಮಿಲಿಮೀಟರ್ ತಿರುಪುಗಳನ್ನು ಕೂರಿಸಬೇಕಿತ್ತು. 2.5 ಮಿಲಿಮೀಟರ್ ತೂತು ಕೊರೆದು, ತೂತಿನೊಳಗೆ ತಿರುಪಿನ ಗೆರೆಗಳನ್ನು (ಮರೆ) ಕೊರೆಯುವ ಟ್ಯಾಪನ್ನು ಅರ್ಧ ಸುತ್ತಿಗೊಮ್ಮೆ ಹಿಂದಕ್ಕೆ ತಿರುಗಿಸಿ ಎಂದು ಮಾಮಾ ಹೇಳಿಕೊಟ್ಟರು. ಟ್ಯಾಪ್ ಇನ್ನೇನು ಮುರಿಯುತ್ತದೆಂದು ತಿಳಿಯುವುದು ಹೇಗೆ ಎಂದೆ. ಒಂದು ಗಳಿಗೆ ಯೋಚಿಸಿ, "ಅದು ಕೈಗೇ ಗೊತ್ತಾಗ್ತದ್ರಿ" ಎಂದರು. ನನ್ನ ಕೈಗೆ ಗೊತ್ತಾಗಲಿಲ್ಲ. ಟ್ಯಾಪ್ ಒಳಗೇ ಮುರಿಯಿತು. ಹದಿನೈದು ದಿನಗಳ ದುಡಿಮೆಯ ಸಿಲಿಂಡರ್ ಹಾಳಾದಂತೆಯೇ ಎಂದು ಇಬ್ಬರೂ ಕೈಚೆಲ್ಲಿದೆವು.

ಖಂಡೇಪೂಜೆಗೆ (ಆಯುಧಪೂಜೆಗೆ) ಊರಿಗೆ ಹೋದಾಗ ಅದನ್ನು ಚೀಲದಲ್ಲಿ ಒಯ್ದಿದ್ದೆ. ಬನ್ನಿ ಕೊಡಲು ಹೋದವನು, ಯಾಕೋ ಅದನ್ನೂ ಕಾಕಾನ ಮುಂದಿಟ್ಟೆ. ಈ ಸಲ ಅವನು ಇಟ್ಟು ಹೋಗು ಎನ್ನಲಿಲ್ಲ. ತಿರುವಿ ನೋಡಿ, "ಸಾದಾ ಟ್ಯಾಪ್ ಹೌದಲ್ಲೋ? ಕ್ಷೌರದಂಗಡ್ಯಾಗಿನ ಪಟಿಕ ತಂದು, ಮಣ್ಣಿನ ಕುಡಕಿಯೊಳಗ ನೀರು ಹಾಕಿ ಕುದಸು. ಉಕ್ಕು ಕರಗಿ ಹೊಕ್ಕೈತಿ, ಹಿತ್ತಾಳಿಗೆ ಏನೂ ಆಗೂದಿಲ್ಲ" ಎಂದ. ಅವ್ವನ ಬೈಗುಳದ ನಡುವೆ ಹಿತ್ತಲ ಒಲೆಯ ಮೇಲೆ ಇಡೀ ದಿನ ಕುದಿಸಿದೆ. ಸಂಜೆಯ ಹೊತ್ತಿಗೆ ಟ್ಯಾಪಿನ ತುಂಡು ಕಪ್ಪು ರಾಡಿಯಾಗಿತ್ತು. ಸೂಜಿಯಿಂದ ಕೆದಕಿದರೆ ಹೊರಗೆ ಬಂತು. ಮರೆಗಳು ಹಾಗೆಯೇ ಉಳಿದಿದ್ದವು.

ಕೊಲ್ಲಾಪುರಕ್ಕೆ ಮರಳಿ ಮಾಮಾನಿಗೆ ತೋರಿಸಿದೆ. ಅವರು ಸೀಮೆಸುಣ್ಣ ಕೈಗೆತ್ತಿಕೊಂಡು ಗೋಡೆಯ ಕಡೆ ತಿರುಗಿದರು. "ಎಷ್ಟು ನೀರಿಗೆ ಎಷ್ಟು ಪಟಿಕ ಸಾಹೇಬ್ರ?" ಕೇಳಿಕೊಂಡು ಬಂದಿರಲಿಲ್ಲ. ಒಂದು ಹಿಡಿ ಎಂದೆ.