ಹರಿಹರದ ಹೆಸರು: ಒಂದು ಸ್ಪಷ್ಟನೆ

ವಿಜಯನಗರದ ಒಂದನೇ ಹರಿಹರ ಕಟ್ಟಿದ್ದರಿಂದ ಹರಿಹರಕ್ಕೆ ಆ ಹೆಸರು ಬಂತು, ತುಂಗೆ-ಭದ್ರೆ ಕೂಡುವುದೂ ಅಲ್ಲೇ, ಹಿಂದೆ ಅದು ಗಡಿಯೂರಾಗಿತ್ತು ಎಂಬ ಸಂದೇಶ ಹರಿದಾಡುತ್ತಿದೆ. ಮೊದಲಿನ ಎರಡೂ ತಪ್ಪು.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಇಲ್ಲಿನ ಹರಿಹರೇಶ್ವರ ಗುಡಿ ಕಟ್ಟಿಸಿದ್ದು 1224ರಲ್ಲಿ. ವಿಜಯನಗರ ಹುಟ್ಟಿದ್ದು 1336ರಲ್ಲಿ. ಬಲಭಾಗ ಶಿವ, ಎಡಭಾಗ ವಿಷ್ಣುವಾದ ಈ ದೇವರಿಂದಲೇ ಊರಿಗೆ ಹೆಸರು.

ತುಂಗೆ-ಭದ್ರೆ ಸೇರುವುದು ಮೇಲೆ, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ. ಹರಿಹರದ ಬಳಿ ತುಂಗಭದ್ರೆಗೆ ಸೇರುವುದು ಹರಿದ್ರಾ. ಶಾಸನಗಳು ಈ ಊರನ್ನೂ ಕೂಡಲೂರು ಎನ್ನುವುದರಿಂದ ಗೊಂದಲವಾಗಿರಬೇಕು.

ಇದು ಗಡಿಯೂರಾಗಿತ್ತೆಂಬುದು ಮಾತ್ರ ನಿಜ. 1956ರ ಏಕೀಕರಣದವರೆಗೆ ಬಲದಂಡೆಯ ಹರಿಹರ ಮೈಸೂರಿನದು, ಎದುರು ದಡದ ರಾಣೆಬೆನ್ನೂರು ತಾಲ್ಲೂಕು ಮುಂಬಯಿ ರಾಜ್ಯದ್ದು. ಈಗ ಅದೇ ಹೊಳೆ ದಾವಣಗೆರೆ, ಹಾವೇರಿ ಜಿಲ್ಲೆಗಳ ಗಡಿ.